ಒಂದು ಬೆಂಕಿ, ಎರಡು ಕೆಲಸ: ಸಹ-ಉತ್ಪಾದನೆಯ ಲಾಭ-ನಷ್ಟದ ಕಥೆ



ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ದೊಡ್ಡ ಒಲೆಯ ಮಗ್ಗುಲಲ್ಲಿ ಒಂದು ಕೋಡೊಲೆ ಇರುತ್ತಿತ್ತು. ದೊಡ್ಡ ಒಲೆಯ ಮೇಲೆ ಅನ್ನ ಬೇಯುತ್ತಿದ್ದರೆ, ಅಲ್ಲಿಂದ ಹಾಯ್ದು ಬಂದ ಬಿಸಿಯಲ್ಲೇ ಕೋಡೊಲೆಯ ಮೇಲೆ ಸಾರು ಕುದಿಯುತ್ತಿತ್ತು. ಉರಿದ ಸೌದೆ ಒಂದೇ, ನಡೆದ ಕೆಲಸ ಎರಡು. ಇದಕ್ಕೆ ಯಾರೂ ಶಾಸ್ತ್ರೀಯ ಹೆಸರು ಇಟ್ಟಿರಲಿಲ್ಲ. ಸೌದೆ ಕಡಿದು ಹೊತ್ತು ತಂದವರಿಗೆ ಬಿಸಿಯ ಬೆಲೆ ಗೊತ್ತಿತ್ತು, ಅಷ್ಟೆ.

ದೊಡ್ಡ ಕಾರ್ಖಾನೆಗಳಲ್ಲಿ ಇದೇ ತತ್ವವನ್ನು ‘ಸಹ-ಉತ್ಪಾದನೆ’ ಎನ್ನುತ್ತಾರೆ. ಒಂದೇ ಇಂಧನವನ್ನು ಉರಿಸಿ ವಿದ್ಯುತ್ತನ್ನೂ ಉಪಯುಕ್ತ ಶಾಖವನ್ನೂ ಒಟ್ಟಿಗೆ ಪಡೆಯುವ ಕ್ರಮ ಇದು. ಕೇಳಲು ಇದು ಕೇವಲ ಲಾಭದ ಮಾತಾಗಿ ತೋರುತ್ತದೆ. ಆದರೆ ಇಂಥ ಒಂದು ಕೇಂದ್ರ ನಿಜವಾಗಿ ಎಷ್ಟು ಉಳಿಸುತ್ತದೆ? ಯಾರಿಗೆ ಉಳಿಸುತ್ತದೆ? ಪರಿಸರಕ್ಕೆ ಹಿತವೋ ಅಹಿತವೋ? ಈ ಪ್ರಶ್ನೆಗಳಿಗೆ ಕರ್ನಾಟಕದ ಚರಿತ್ರೆಯಲ್ಲೇ ಉತ್ತರಗಳಿವೆ. ಅವುಗಳನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ದೂರದಿಂದ ಬಂದ ಬೆಳಕು

ಬೆಂಗಳೂರಿನ ಪೂರ್ವದಲ್ಲಿರುವ ಮಹದೇವಪುರದಿಂದಲೇ ಆರಂಭಿಸೋಣ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವವರು ಹೂಡಿಯ ಬಳಿ ವಿದ್ಯುತ್ ಸ್ವೀಕರಣಾ ಕೇಂದ್ರವನ್ನೂ ಅಲ್ಲಿಗೆ ಬಂದು ಸೇರುವ ಎತ್ತರದ ಗೋಪುರಗಳನ್ನೂ ನೋಡಿರುತ್ತಾರೆ. ಈ ಭಾಗಕ್ಕೂ ವಿದ್ಯುತ್ತಿಗೂ ಹಳೆಯ ನಂಟು. ದೂರವಾಣಿನಗರದಲ್ಲಿ 1948ರಲ್ಲಿ ಟೆಲಿಫೋನ್ ಕಾರ್ಖಾನೆ ಆರಂಭವಾಯಿತು. ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ತಯಾರಿಸಲು 1956ರಲ್ಲಿ ಸ್ಥಾಪನೆಯಾದ ಎನ್.ಜಿ.ಇ.ಎಫ್. ಸಂಸ್ಥೆ 2002ರಲ್ಲಿ ಮುಚ್ಚುವವರೆಗೂ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ವಿದ್ಯುತ್ ಉಪಕರಣಗಳು ಇಲ್ಲೇ ಹುಟ್ಟುತ್ತಿದ್ದವು. ಆದರೆ ವಿದ್ಯುತ್ತು ಮಾತ್ರ ದೂರದಿಂದ ಬರಬೇಕಾಗಿತ್ತು.

ಇದಕ್ಕೆ ಕಾರಣ ನಮ್ಮ ನಾಡಿನ ಭೂಗೋಳ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ, ಆದರೆ ಧುಮ್ಮಿಕ್ಕುವ ನದಿಗಳಿವೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. 1960ರ ದಶಕದ ನಡುವಿನಿಂದ ಶರಾವತಿ ರಾಜ್ಯದ ಆಧಾರವಾಯಿತು. ನೀರಿನ ವಿದ್ಯುತ್ತು ಅಗ್ಗ, ಹೊಗೆಯಿಲ್ಲದ್ದು. ಆದರೆ ಮಳೆ ಕೈಕೊಟ್ಟ ವರ್ಷ ಅದೂ ಕೈಕೊಡುತ್ತದೆ. 1970 ಮತ್ತು 80ರ ದಶಕಗಳ ವಿದ್ಯುತ್ ಕಡಿತದ ದಿನಗಳನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ಮಗ್ಗ ನಿಂತಿತು, ಪಂಪ್‌ಸೆಟ್ ನಿಂತಿತು, ಕಾರ್ಖಾನೆಗಳು ಸರದಿಯ ಮೇಲೆ ನಡೆದವು.

ಈ ಸಂಕಟಕ್ಕೆ ಪರಿಹಾರವಾಗಿ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿತು. ಅದರೊಂದಿಗೆ ನಮ್ಮ ರಾಜ್ಯಕ್ಕೆ ಒಂದು ಹೊಸ ಪ್ರಶ್ನೆಯೂ ಬಂದಿತು. ಕಲ್ಲಿದ್ದಲನ್ನು ಉರಿಸಿ ವಿದ್ಯುತ್ ಪಡೆಯುವ ಸಾಮಾನ್ಯ ಕೇಂದ್ರದಲ್ಲಿ, ಇಂಧನದ ನೂರು ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂವತ್ತೈದು ಪಾಲು ಮಾತ್ರ. ಉಳಿದದ್ದು ಚಿಮಣಿಯ ಮೂಲಕ ಆಕಾಶಕ್ಕೂ, ತಂಪುಗೊಳಿಸುವ ನೀರಿನ ಮೂಲಕ ಕೆರೆ-ಗೋಪುರಗಳಿಗೂ ಹೋಗುತ್ತದೆ. ಇದು ಎಂಜಿನಿಯರರ ಅಜಾಗರೂಕತೆಯಲ್ಲ. ಶಾಖವನ್ನು ಪೂರ್ತಿಯಾಗಿ ಚಲನೆಯಾಗಿ ಮಾರ್ಪಡಿಸಲಾಗದು ಎಂಬುದು ಪ್ರಕೃತಿಯ ನಿಯಮ. ಹಾಗಾದರೆ ವ್ಯರ್ಥವಾಗುವ ಆ ಶಾಖಕ್ಕೆ ಒಂದು ಕೋಡೊಲೆಯನ್ನು ಜೋಡಿಸಲು ಸಾಧ್ಯವೇ?

ಲೆಕ್ಕವನ್ನು ತಿರುಗಿಸಿ ಹಾಕಿದವರು

1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳಿಗಾಗಿ ಒಂದು ದೀರ್ಘಾವಧಿ ಯೋಜನೆ ಸಿದ್ಧವಾಯಿತು. 2000ನೇ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ತೂ ಸುಮಾರು 9,400 ಮೆಗಾವಾಟ್ ಸಾಮರ್ಥ್ಯವೂ ಬೇಕಾಗುತ್ತದೆ ಎಂದು ಅದು ಅಂದಾಜು ಮಾಡಿತು. ಅಷ್ಟನ್ನು ಒದಗಿಸಲು ದೊಡ್ಡ ದೊಡ್ಡ ಕೇಂದ್ರಗಳೇ ದಾರಿ ಎಂಬುದು ಅಂದಿನ ಸಾಮಾನ್ಯ ನಂಬಿಕೆ.

ಈ ನಂಬಿಕೆಯನ್ನು ಪ್ರಶ್ನಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿ. ಅವರು ಮೂಲತಃ ವಿದ್ಯುತ್-ರಸಾಯನ ವಿಜ್ಞಾನಿ. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅವರು ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಮೂರು ಪಾತ್ರೆಗಳನ್ನು ಒಂದೇ ಉರಿಯ ಮೇಲೆ ಕೂರಿಸುವ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಅಲ್ಲಿಂದಲೇ ನಾಡಿನ ಹಳ್ಳಿಗಳಿಗೆ ಹೋಯಿತು. ಕೋಡೊಲೆಯ ಜಾಣ್ಮೆಗೆ ವಿಜ್ಞಾನದ ಅಳತೆ ಸೇರಿದಾಗ ಹುಟ್ಟಿದ ಒಲೆ ಅದು.

ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು 1990-91ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಬೆಳಕು, ಬಿಸಿನೀರು, ನೀರಾವರಿ, ಕಾರ್ಖಾನೆಯ ಶಾಖ. ಈ ಸೇವೆಗಳನ್ನು ಯಾವ ದಾರಿಯಿಂದ ಕಡಿಮೆ ಖರ್ಚಿನಲ್ಲಿ ಕೊಡಬಹುದು ಎಂದು ಅವರು ಒಂದೊಂದನ್ನೂ ಅಗ್ಗದಿಂದ ತುಟ್ಟಿಯ ಕಡೆಗೆ ಸಾಲಾಗಿ ಜೋಡಿಸಿದರು. ದಕ್ಷ ದೀಪಗಳು, ದಕ್ಷ ಪಂಪುಗಳು, ಸೂರ್ಯನ ಬಿಸಿಯಿಂದ ಸ್ನಾನದ ನೀರು, ಸಣ್ಣ ಜಲವಿದ್ಯುತ್ತು ಮುಂತಾದವುಗಳ ಜೊತೆಯಲ್ಲಿ ಸಕ್ಕರೆ ಕಾರ್ಖಾನೆಗಳ ಸಹ-ಉತ್ಪಾದನೆಯೂ ಆ ಸಾಲಿನಲ್ಲಿತ್ತು. ಅವರ ಲೆಕ್ಕದಲ್ಲಿ 2000ನೇ ಇಸವಿಗೆ ಸುಮಾರು 1,790 ಕೋಟಿ ಯೂನಿಟ್ ಮತ್ತು 4,000 ಮೆಗಾವಾಟ್ ಸಾಕಾಗುತ್ತಿತ್ತು. ಅಂದರೆ ಸರ್ಕಾರಿ ಅಂದಾಜಿನ ಐದರಲ್ಲಿ ಎರಡು ಪಾಲು!

ಈ ಸಂಖ್ಯೆಗಳ ಬಗ್ಗೆ ಚರ್ಚೆ ನಡೆದದ್ದು ಸಹಜ. ಆದರೆ ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದದ್ದು ವಿಧಾನ. ಒಂದು ಕೇಂದ್ರವನ್ನು ಅದರ ಸಾಮರ್ಥ್ಯದಿಂದ ಅಳೆಯದೆ, ಅದು ಕೊಡುವ ಸೇವೆ ಮತ್ತು ಆ ಸೇವೆಗೆ ತಗಲುವ ನಿಜವಾದ ವೆಚ್ಚದಿಂದ ಅಳೆಯಬೇಕು ಎಂಬುದನ್ನು ಅವರು ತೋರಿಸಿದರು. 1991ರಲ್ಲಿ ರೆಡ್ಡಿ ಅವರು ಆರಂಭಿಸಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಕಚೇರಿ ದಂಡು ಪ್ರದೇಶದ ಬೆನ್ಸನ್ ಟೌನ್‌ನಲ್ಲಿತ್ತು. ಹೂಡಿಯ ಗೋಪುರಗಳಿಂದ ಅದೇನೂ ಬಹು ದೂರವಲ್ಲ. ಅವರು 2006ರಲ್ಲಿ ನಿಧನರಾದರು.

ಕಸದಿಂದ ರಸ

ಸಕ್ಕರೆ ಕಾರ್ಖಾನೆಯೇ ಏಕೆ? ಮಂಡ್ಯದತ್ತ ನೋಡೋಣ. ಕೃಷ್ಣರಾಜಸಾಗರದ ನಾಲೆಗಳು ಒಣನೆಲವನ್ನು ಹಸಿರಾಗಿಸಿದ ಮೇಲೆ 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬನ್ನು ಅರೆದಾಗ ರಸದ ಜೊತೆಗೆ ಸಿಪ್ಪೆಯೂ ಬರುತ್ತದೆ. ಒಂದು ಟನ್ ಕಬ್ಬಿನಿಂದ ಸುಮಾರು 300 ಕಿಲೋಗ್ರಾಂ ಒದ್ದೆ ಸಿಪ್ಪೆ. ಆಲೆಮನೆಯಲ್ಲಿ ಇದೇ ಸಿಪ್ಪೆಯನ್ನು ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸಿ ಬೆಲ್ಲ ಕಾಯಿಸುತ್ತಾರೆ. ಕಾರ್ಖಾನೆಯಲ್ಲಿ ಅದೇ ಸಿಪ್ಪೆ ಬಾಯ್ಲರಿಗೆ ಹೋಗಿ ಹಬೆಯಾಗುತ್ತದೆ. ಹಬೆ ಮೊದಲು ಟರ್ಬೈನನ್ನು ತಿರುಗಿಸಿ ವಿದ್ಯುತ್ ಕೊಡುತ್ತದೆ. ಅಲ್ಲಿಂದ ಒತ್ತಡ ಇಳಿದು ಹೊರಬಂದ ಹಬೆಯಲ್ಲಿ ಇನ್ನೂ ಸಾಕಷ್ಟು ಶಾಖ ಉಳಿದಿರುತ್ತದೆ. ಅದು ಕಬ್ಬಿನ ರಸವನ್ನು ಕುದಿಸಿ ಗಟ್ಟಿ ಮಾಡುತ್ತದೆ. ಇಲ್ಲಿ ಟರ್ಬೈನು ದೊಡ್ಡ ಒಲೆ, ರಸದ ಪಾತ್ರೆಯೇ ಕೋಡೊಲೆ.

ಸ್ವಾರಸ್ಯವೆಂದರೆ, ಬಹುಕಾಲ ಸಕ್ಕರೆ ಕಾರ್ಖಾನೆಗಳು ಬೇಕೆಂದೇ ದಕ್ಷತೆಯಿಲ್ಲದ ಬಾಯ್ಲರುಗಳನ್ನು ಇಟ್ಟುಕೊಂಡಿದ್ದವು. ಸಿಪ್ಪೆಯನ್ನು ಪೂರ್ತಿ ಸುಟ್ಟು ಮುಗಿಸದಿದ್ದರೆ ಅದು ಗುಡ್ಡೆಯಾಗಿ ಬೀಳುತ್ತಿತ್ತು, ಬೆಂಕಿಯ ಭಯ ಬೇರೆ. ಹೆಚ್ಚು ವಿದ್ಯುತ್ ತಯಾರಿಸಿದರೂ ಕೊಳ್ಳುವವರಿರಲಿಲ್ಲ. ಹಳೆಯ ಕಾರ್ಖಾನೆಗಳಲ್ಲಿ ಹಬೆಯ ಒತ್ತಡ ಚದರ ಸೆಂಟಿಮೀಟರಿಗೆ 21 ಕಿಲೋಗ್ರಾಂನಷ್ಟು; ಒಂದು ಟನ್ ಕಬ್ಬಿಗೆ ಇಪ್ಪತ್ತೈದು-ಮೂವತ್ತು ಯೂನಿಟ್ ಹುಟ್ಟಿ ಸ್ವಂತ ಬಳಕೆಗೆ ಸರಿಹೋಗುತ್ತಿತ್ತು. ಒತ್ತಡವನ್ನು 67 ಅಥವಾ 87 ಕಿಲೋಗ್ರಾಂಗೆ ಏರಿಸಿದರೆ ಅದೇ ಸಿಪ್ಪೆಯಿಂದ ನೂರು ಯೂನಿಟ್ಟಿಗೂ ಹೆಚ್ಚು ಪಡೆಯಬಹುದು. ಕಾರ್ಖಾನೆಯ ಖರ್ಚು ಕಳೆದು ಟನ್ನಿಗೆ ಎಪ್ಪತ್ತು ಯೂನಿಟ್ ಉಳಿಯಿತೆಂದು ಇಟ್ಟುಕೊಳ್ಳಿ. ದಿನಕ್ಕೆ 2,500 ಟನ್ ಅರೆಯುವ ಕಾರ್ಖಾನೆ 1,75,000 ಯೂನಿಟ್ ಹೊರಗೆ ಕೊಡುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಐವತ್ತು ಸಾವಿರ ಮನೆಗಳಿಗೆ ಅದು ಸಾಕು.

ಹಾಗಾದರೆ ಬದಲಾವಣೆ ತಂದದ್ದು ಯಂತ್ರವೇ? ಯಂತ್ರಕ್ಕಿಂತ ಮುಖ್ಯವಾಗಿ ಕಾನೂನು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ 1978ರಲ್ಲಿ, ಸಹ-ಉತ್ಪಾದಕರ ವಿದ್ಯುತ್ತನ್ನು ದೊಡ್ಡ ಕಂಪನಿಗಳು ಕೊಳ್ಳಲೇಬೇಕು ಎಂಬ ಕಾಯ್ದೆ ಮಾಡಿತು. ಡೆನ್ಮಾರ್ಕ್ 1979ರಲ್ಲಿ ಶಾಖ ಪೂರೈಕೆ ಕಾಯ್ದೆ ಮಾಡಿ, ವಿದ್ಯುತ್ ಕೇಂದ್ರಗಳ ಬಿಸಿನೀರನ್ನು ಕೊಳವೆಗಳ ಮೂಲಕ ಊರಿನ ಮನೆಮನೆಗೆ ಹರಿಸಿತು. ನಮ್ಮಲ್ಲಿ ಕೇಂದ್ರ ಸರ್ಕಾರ 1994ರಲ್ಲಿ ಕಬ್ಬಿನ ಸಿಪ್ಪೆಯ ಸಹ-ಉತ್ಪಾದನೆಗೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2003ರ ವಿದ್ಯುಚ್ಛಕ್ತಿ ಕಾಯ್ದೆ ಸಹ-ಉತ್ಪಾದನೆಯನ್ನು ಪ್ರೋತ್ಸಾಹಿಸುವ ಹೊಣೆಯನ್ನು ರಾಜ್ಯಗಳ ನಿಯಂತ್ರಣ ಆಯೋಗಗಳ ಮೇಲೆ ಹೊರಿಸಿತು. ಇಂದು ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಸಹ-ಉತ್ಪಾದನಾ ಸಾಮರ್ಥ್ಯ 1,500 ಮೆಗಾವಾಟ್ ಮೀರಿದೆ. ಬೆಳಗಾವಿ, ಬಾಗಲಕೋಟೆ ಸೀಮೆಗಳಲ್ಲಿ ಕಬ್ಬಿನ ಹಂಗಾಮು ಎಂದರೆ ವಿದ್ಯುತ್ತಿನ ಹಂಗಾಮೂ ಹೌದು.

ನೂರು ಪಾಲಿನ ಲೆಕ್ಕ

ಈಗ ಕಾಗದ-ಪೆನ್ಸಿಲು ಹಿಡಿಯಿರಿ. ಒಂದು ಸಹ-ಉತ್ಪಾದನಾ ಕೇಂದ್ರದಲ್ಲಿ ನೂರು ಪಾಲು ಇಂಧನ ಉರಿದು, ಮೂವತ್ತು ಪಾಲು ವಿದ್ಯುತ್ತೂ ಐವತ್ತು ಪಾಲು ಉಪಯುಕ್ತ ಶಾಖವೂ ಬಂದವು ಎನ್ನೋಣ. ಇವೆರಡನ್ನೂ ಬೇರೆ ಬೇರೆಯಾಗಿ ಪಡೆದಿದ್ದರೆ ಎಷ್ಟು ಇಂಧನ ಬೇಕಿತ್ತು? ನೂರಕ್ಕೆ ಮೂವತ್ತೈದು ದಕ್ಷತೆಯ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ಪಾಲು ವಿದ್ಯುತ್ತಿಗೆ ಸುಮಾರು 86 ಪಾಲು. ನೂರಕ್ಕೆ ಎಂಬತ್ತು ದಕ್ಷತೆಯ ಬಾಯ್ಲರಿನಲ್ಲಿ ಐವತ್ತು ಪಾಲು ಶಾಖಕ್ಕೆ ಸುಮಾರು 62 ಪಾಲು. ಒಟ್ಟು 148. ನಾವು ಬಳಸಿದ್ದು ನೂರು. ಉಳಿತಾಯ ಮೂರರಲ್ಲಿ ಒಂದು ಪಾಲಿನಷ್ಟು.

ಇನ್ನು ಶಾಖದಲ್ಲಿ ಅರ್ಧಕ್ಕೆ ಮಾತ್ರ ಗಿರಾಕಿ ಸಿಕ್ಕಿತು ಎನ್ನಿ. ಬೇರೆ ಬೇರೆಯಾಗಿ ಬೇಕಾದ ಇಂಧನ 117ಕ್ಕೆ ಇಳಿಯುತ್ತದೆ. ಉಳಿತಾಯ ಏಳರಲ್ಲಿ ಒಂದು ಪಾಲು. ಶಾಖವನ್ನು ಯಾರೂ ಬಳಸಲೇ ಇಲ್ಲವಾದರೆ? ಆಗ ದೊಡ್ಡ ಕೇಂದ್ರ 86 ಪಾಲಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ನಾವು ನೂರು ಪಾಲು ಸುಟ್ಟಂತಾಯಿತು. ಉಳಿತಾಯ ಹೋಗಿ ನಷ್ಟವೇ ಬಂದಿತು. ಯಂತ್ರ ಅದೇ, ಇಂಧನ ಅದೇ, ಹೆಸರೂ ಅದೇ. ಬದಲಾದದ್ದು ಶಾಖದ ಗಿರಾಕಿ ಮಾತ್ರ.

ಇಡೀ ವಿಷಯದ ತಿರುಳು ಇಲ್ಲಿದೆ. ಸಹ-ಉತ್ಪಾದನೆಯ ಯೋಗ್ಯತೆ ಯಂತ್ರದ ಫಲಕದ ಮೇಲೆ ಬರೆದಿರುವುದಿಲ್ಲ. ಆ ಶಾಖ ವರ್ಷದಲ್ಲಿ ಎಷ್ಟು ದಿನ, ಯಾರ ಯಾವ ಕೆಲಸಕ್ಕೆ ಬಂದಿತು ಎಂಬುದರಲ್ಲಿರುತ್ತದೆ.

ಸಕ್ಕರೆ ಕಾರ್ಖಾನೆಯನ್ನೇ ಈ ಅಳತೆಗೆ ಒಡ್ಡಿ ನೋಡಿ. ಕಬ್ಬು ಅರೆಯುವುದು ವರ್ಷದಲ್ಲಿ ಐದಾರು ತಿಂಗಳು. ಆಗ ರಸ ಕುದಿಸಲು ಶಾಖ ಬೇಕು, ಲೆಕ್ಕ ಸರಿಹೋಗುತ್ತದೆ. ಹಂಗಾಮು ಮುಗಿದ ಮೇಲೆ ಶಾಖಕ್ಕೆ ಗಿರಾಕಿಯಿಲ್ಲ. ಸಾಲ ತಂದು ಹಾಕಿದ ಯಂತ್ರ ಸುಮ್ಮನೆ ನಿಂತರೆ ಬಡ್ಡಿ ನಿಲ್ಲುವುದಿಲ್ಲ. ಕೆಲವೆಡೆ ಕಲ್ಲಿದ್ದಲು ತಂದು ಉರಿಸಿ ಬರೀ ವಿದ್ಯುತ್ ತಯಾರಿಸುವುದುಂಟು. ಆ ದಿನಗಳಲ್ಲಿ ಅದು ಸಹ-ಉತ್ಪಾದನೆಯಲ್ಲ, ಒಂದು ಸಣ್ಣ ಕಲ್ಲಿದ್ದಲು ಕೇಂದ್ರ ಅಷ್ಟೆ. ಬರಗಾಲ ಬಂದರೆ ಕಬ್ಬೂ ಇಲ್ಲ, ಸಿಪ್ಪೆಯೂ ಇಲ್ಲ. ಜಲಾಶಯದಲ್ಲಿ ನೀರೂ ಇರುವುದಿಲ್ಲ. 2023ರ ಬರದಲ್ಲಿ ರಾಜ್ಯ ಸರ್ಕಾರ, ಇಲ್ಲಿ ಹುಟ್ಟಿದ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಉತ್ಪಾದಕರಿಗೆ ಆದೇಶಿಸಬೇಕಾಯಿತು.

ಹಣದ ಲೆಕ್ಕದಲ್ಲಿ ಇನ್ನೊಬ್ಬರಿದ್ದಾರೆ: ಕಬ್ಬು ಬೆಳೆದ ರೈತ. ಸಿಪ್ಪೆ ಅವನ ಕಬ್ಬಿನದೇ. ಅದರಿಂದ ಬಂದ ವಿದ್ಯುತ್ತಿನ ಆದಾಯದಲ್ಲಿ ಅವನಿಗೆ ಪಾಲು ಬೇಡವೇ? 2012ರ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪ-ಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ ಎಪ್ಪತ್ತು ಪಾಲು ರೈತನಿಗೆ ಸಲ್ಲಬೇಕೆಂದು ಸೂಚಿಸಿತು. ಲಾಭ ಎಷ್ಟು ಎಂಬ ಪ್ರಶ್ನೆಯ ಬೆನ್ನಿಗೇ ಲಾಭ ಯಾರದು ಎಂಬ ಪ್ರಶ್ನೆಯೂ ಬರುತ್ತದೆ.

ಪರಿಸರದ ಲೆಕ್ಕವೂ ಹೀಗೆಯೇ ಎರಡು ಮುಖದ್ದು. ಸಿಪ್ಪೆ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಮುಂದಿನ ಬೆಳೆಯ ಕಬ್ಬು ಮತ್ತೆ ಹೀರಿಕೊಳ್ಳುತ್ತದೆ. ಈ ದೃಷ್ಟಿಯಿಂದ ಅದು ಕಲ್ಲಿದ್ದಲಿಗಿಂತ ಮೇಲು. ಆದರೆ ಚಿಮಣಿಯಿಂದ ಹಾರುವ ಕರಿಬೂದಿ ಪಕ್ಕದ ಹಳ್ಳಿಯ ಒಣಹಾಕಿದ ಬಟ್ಟೆಯ ಮೇಲೂ ಮಕ್ಕಳ ಎದೆಯೊಳಗೂ ಇಳಿಯುತ್ತದೆ. ಅದನ್ನು ಹಿಡಿದಿಡುವ ಶೋಧಕಗಳ ಖರ್ಚನ್ನು ವಿದ್ಯುತ್ತಿನ ಬೆಲೆಯೊಳಗೆ ಸೇರಿಸದಿದ್ದರೆ, ಆ ಖರ್ಚನ್ನು ಊರವರು ಆಸ್ಪತ್ರೆಯಲ್ಲಿ ತೆರಬೇಕಾಗುತ್ತದೆ.

ಮತ್ತೆ ಮಹದೇವಪುರಕ್ಕೆ

1990ರ ದಶಕದಲ್ಲಿ ಮಹದೇವಪುರದ ಮುಖ ಬದಲಾಯಿತು. ವೈಟ್‌ಫೀಲ್ಡ್ ರಸ್ತೆಯ ಕಡೆ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ತಲೆಯೆತ್ತಿತು. ಗಣಕಯಂತ್ರಗಳಿಗೆ ಒಂದು ಕ್ಷಣದ ಕತ್ತಲೆಯೂ ಆಗದು. ಆದ್ದರಿಂದ ಆ ಉದ್ಯಾನ ತನ್ನದೇ ವಿದ್ಯುತ್ ಕೇಂದ್ರವನ್ನು ಕಟ್ಟಿಕೊಂಡಿತು. ಸುತ್ತಲಿನ ಕಾರ್ಖಾನೆ, ಕಟ್ಟಡಗಳ ಹಿತ್ತಲಲ್ಲೂ ಡೀಸೆಲ್ ಜನರೇಟರುಗಳು ಬಂದವು. ಡೀಸೆಲ್ ಎಂಜಿನ್ನಿನ ಶಾಖದ ಬಹುಪಾಲು ಬಿಸಿ ಹೊಗೆಯಾಗಿಯೂ ಬಿಸಿನೀರಾಗಿಯೂ ಹೊರಹೋಗುತ್ತದೆ. ಅದಕ್ಕೆ ಇಲ್ಲಿ ಕೋಡೊಲೆ ಯಾವುದು?

ಡೆನ್ಮಾರ್ಕಿನಂತೆ ಮನೆ ಬೆಚ್ಚಗೆ ಮಾಡುವ ಅಗತ್ಯ ಬೆಂಗಳೂರಿಗಿಲ್ಲ. ಇಲ್ಲಿನ ಗಾಜಿನ ಕಟ್ಟಡಗಳಿಗೆ ಬೇಕಾದದ್ದು ತಂಪು. ಶಾಖದಿಂದಲೇ ತಂಪು ಉಂಟುಮಾಡುವ ಯಂತ್ರಗಳೂ ಇವೆ. ಲಿಥಿಯಂ ಬ್ರೋಮೈಡ್ ದ್ರಾವಣ ನೀರಾವಿಯನ್ನು ಹೀರುವ ಗುಣವನ್ನು ಅವು ಬಳಸುತ್ತವೆ. ಆದರೆ ಇಲ್ಲಿಯೂ ಪ್ರಾಮಾಣಿಕ ಲೆಕ್ಕ ಬೇಕು. ಒಂದು ಪಾಲು ವಿದ್ಯುತ್ತಿನಿಂದ ಸಾಮಾನ್ಯ ತಂಪುಯಂತ್ರ ನಾಲ್ಕೈದು ಪಾಲು ತಂಪು ಕೊಟ್ಟರೆ, ಒಂದು ಪಾಲು ಶಾಖದಿಂದ ಸರಳವಾದ ಹೀರುಯಂತ್ರ ಕೊಡುವುದು ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಅಂದರೆ ಒಂದು ಪಾಲು ವಿದ್ಯುತ್ ಉಳಿಸಲು ಆರೇಳು ಪಾಲು ಶಾಖ ಬೇಕು. ಅದೇ ಶಾಖ ಒಂದು ಆಸ್ಪತ್ರೆಯ ಅಥವಾ ಬಟ್ಟೆ ಕಾರ್ಖಾನೆಯ ಬಾಯ್ಲರಿನ ಬದಲಿಗೆ ಒದಗಿದರೆ ಲಾಭ ಹೆಚ್ಚು. ಬಿಸಿಯ ಬೆಲೆ ಅದು ಯಾವುದರ ಬದಲಿಗೆ ಬಂದಿತು ಎಂಬುದರ ಮೇಲೆ ನಿಂತಿದೆ.

ಇನ್ನೊಂದು ತೊಡಕಿದೆ. ವಿದ್ಯುತ್ತು ತಂತಿಯ ಮೇಲೆ ನೂರಾರು ಕಿಲೋಮೀಟರು ಹೋಗುತ್ತದೆ. ಹಬೆ ಅಷ್ಟು ದೂರ ಹೋಗುವ ಹೊತ್ತಿಗೆ ತಣ್ಣಗಾಗುತ್ತದೆ. ಹೀಗಾಗಿ ಸಹ-ಉತ್ಪಾದನಾ ಕೇಂದ್ರ ಶಾಖದ ಗಿರಾಕಿಯ ಪಕ್ಕದಲ್ಲೇ, ಅಂದರೆ ಜನರ ಪಕ್ಕದಲ್ಲೇ ಇರಬೇಕು. ರಾಯಚೂರಿನ ಹೊಗೆ ಬೆಂಗಳೂರಿಗೆ ಕಾಣುವುದಿಲ್ಲ. ಹಿತ್ತಲಿನ ಎಂಜಿನ್ನಿನ ಹೊಗೆ ಕಿಟಕಿಯೊಳಗೇ ಬರುತ್ತದೆ. ಕಾರ್ಖಾನೆ ಮತ್ತು ಮನೆ ಒಂದೇ ಬೇಲಿ ಹಂಚಿಕೊಂಡರೆ ಏನಾಗುತ್ತದೆ ಎಂಬುದನ್ನು ಮಹದೇವಪುರ ಅನುಭವದಿಂದ ಬಲ್ಲದು. ಇಲ್ಲಿನ ಗ್ರಾಫೈಟ್ ಕಾರ್ಖಾನೆಯ ಕರಿದೂಳಿನ ಬಗ್ಗೆ ನಿವಾಸಿಗಳು ವರ್ಷಗಟ್ಟಲೆ ದೂರಿ ನ್ಯಾಯಾಲಯದ ಮೆಟ್ಟಿಲೇರಿದರು. 2019ರಲ್ಲಿ ಅದು ಮುಚ್ಚಿತು. ಅದು ವಿದ್ಯುತ್ ಕೇಂದ್ರವಲ್ಲ. ಆದರೆ ಪಾಠ ಒಂದೇ. 2013ರಲ್ಲಿ ದಾಭೋಲ್‌ನಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆ ಬಂದ ಮೇಲೆ ಡೀಸೆಲ್ಲಿಗಿಂತ ಶುಚಿಯಾದ ಇಂಧನ ನಗರಕ್ಕೆ ದೊರೆತಿದೆ. ಅದೂ ಪಳೆಯುಳಿಕೆಯ ಇಂಧನವೇ ಎಂಬುದನ್ನು ಮರೆಯುವಂತಿಲ್ಲ.

ಮಿತ್ರರೇ, ನಾಳೆ ನಿಮ್ಮ ಊರಿನಲ್ಲಿ ಇಂಥದೊಂದು ಕೇಂದ್ರ ಬರುತ್ತದೆ ಎಂದು ಕೇಳಿದಾಗ ಹೊಗಳುವ ಮುನ್ನ, ತೆಗಳುವ ಮುನ್ನ, ಮೂರು ಪ್ರಶ್ನೆ ಕೇಳಿ. ಇದರ ಶಾಖ ವರ್ಷದಲ್ಲಿ ಎಷ್ಟು ದಿನ ಬಳಕೆಯಾಗುತ್ತದೆ? ಆ ಶಾಖ ಬರದಿದ್ದರೆ ಅದರ ಬದಲಿಗೆ ಏನನ್ನು ಸುಡುತ್ತಿದ್ದರು? ಲಾಭ ಪಡೆಯುವವರು ಯಾರು, ಬೂದಿಯ ಕೆಳಗೆ ಬದುಕುವವರು ಯಾರು? ಈ ಮೂರಕ್ಕೂ ನೇರವಾದ ಉತ್ತರ ದೊರೆತರೆ ಆ ಕೇಂದ್ರ ನಿಜವಾಗಿಯೂ ಒಂದು ಬೆಂಕಿಯಿಂದ ಎರಡು ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಮೇಲೆ ಪಾತ್ರೆಯಿಲ್ಲದ ಕೋಡೊಲೆಯಿಂದ ಅಡುಗೆಮನೆಗೆ ಸಿಗುವುದು ಹೊಗೆ ಮಾತ್ರ. ಅದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು.